ಚಳಿ ನಾಡಿಗೆ ಸೇವೆಗೆ ಹೊರಟ ಹಿರಿಯ ದಂಪತಿಗೆ: ಮಂಗಳೂರಿನಿಂದ ವಿನ್ನಿಪೆಗ್‌ವರೆಗೆ

"ಅಕ್ಕ, ಜಾಕೆಟ್ ಇಲ್ಲೇ ತಗೊಳ್ಳುವುದಾ, ಅಲ್ಲಿ ಹೋಗಿ ತಗೊಳ್ಳುವುದಾ?"

ಕಳೆದ ತಿಂಗಳು ಆದಿತ್ಯವಾರದ ಆರಾಧನೆ ಮುಗಿಸಿ ಬಲ್ಮಠದ ಗುಡ್ಡೆ ಇಳಿಯುವಾಗ ಒಂದು ಜೋಡಿ ನಮ್ಮನ್ನು ನಿಲ್ಲಿಸಿ ಕೇಳಿದ ಪ್ರಶ್ನೆ ಇದು. ಇಬ್ಬರಿಗೂ ಅರುವತ್ತು ದಾಟಿದೆ. ಮಕ್ಕಳ ಮದುವೆ ಆಗಿದೆ. ಕೆನಡಾದ ಒಂದು ಕ್ರೈಸ್ತ ಸಭೆ (ಚರ್ಚ್) ಅವರನ್ನು ಒಂದು ವರ್ಷದ ಸೇವೆಗೆ ಕರೆದಿದೆ. ನಮ್ಮನ್ನು ಕೇಳುವವರೆಲ್ಲ ಮೊದಲು ಕೇಳುವುದು ಜಾಕೆಟ್ ಬಗ್ಗೆಯೇ. ಆ ದಿನ ರಸ್ತೆ ಬದಿ ನಿಂತು ಹೇಳಿದ್ದು ಸಾಲಲಿಲ್ಲ. ಹಾಗಾಗಿ ಕೂತು ಎಲ್ಲವನ್ನೂ ಬರೆಯುತ್ತಿದ್ದೇನೆ.

ನಾನು ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು. ನಮ್ಮವರು ಬ್ಯಾಂಕಿನಲ್ಲಿದ್ದವರು. ಹೊರಡುವಾಗ ನನಗೆ 63, ಅವರಿಗೆ 66. ಮ್ಯಾನಿಟೋಬಾ ಪ್ರಾಂತ್ಯದ ವಿನ್ನಿಪೆಗ್ ನಗರದಲ್ಲಿ 18 ತಿಂಗಳು ಇದ್ದೆವು. ಎರಡು ಪೂರ್ತಿ ಚಳಿಗಾಲ. ನಮ್ಮ ಕೆಲಸದಲ್ಲಿ ಪ್ರಸಂಗ, ಭಾಷಣ ಇರಲಿಲ್ಲ. ಅಡಿಗೆ, ಫೋನು, ಕೋಟು ಹಂಚುವುದು, ಒಂಟಿ ಇರುವವರ ಹತ್ತಿರ ಕೂತುಕೊಳ್ಳುವುದು, ಇಷ್ಟೇ.

1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಪಾದ್ರಿಗಳಾದ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದಾಗ ಅವರು ಚಳಿಯಿಂದ ಸೆಕೆಗೆ ಬಂದರು. ನಾವು ಸೆಕೆಯಿಂದ ಚಳಿಗೆ ಹೋದೆವು. ಅವರಿಗೆ ಇಲ್ಲಿನ ಮಳೆ, ಜ್ವರ, ಊಟ ಕಲಿಸಿದವರು ನಮ್ಮ ಊರಿನವರು. ನಮಗೆ ಹಿಮದ ಮೇಲೆ ನಡೆಯಲು ಕಲಿಸಿದವರು ಅಲ್ಲಿನ ಅಜ್ಜ ಅಜ್ಜಿಯರು. ಕಲಿಸಿಕೊಳ್ಳಲು ಮನಸ್ಸು ಇದ್ದರೆ ಅರ್ಧ ಕೆಲಸ ಆದ ಹಾಗೆ.

ಒಂದು ಮಾತನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಮುಂದಿನದ್ದೆಲ್ಲ ಅದರ ಮೇಲೆಯೇ ನಿಂತಿದೆ. ಅಲ್ಲಿನ ಚಳಿಗಾಲವನ್ನು ನಮ್ಮ ಆಟಿ ತಿಂಗಳ (ಜುಲೈ-ಆಗಸ್ಟಿನ ಜಡಿಮಳೆಯ ತಿಂಗಳು) ಹಾಗೆ ತಗೊಳ್ಳಿ. ವರ್ಷಕ್ಕೆ 3,500 ಮಿ.ಮೀ.ಗೂ ಜಾಸ್ತಿ ಮಳೆ ಸುರಿಯುವ ಊರಿನವರು ನಾವು. ಆಟಿಯಲ್ಲಿ ಹಿರಿಯರು ಏನು ಮಾಡುತ್ತಿದ್ದರು? ಮೊದಲೇ ಅಕ್ಕಿ, ಕಟ್ಟಿಗೆ, ಹಪ್ಪಳ, ಉಪ್ಪಿನಕಾಯಿ ಕೂಡಿಟ್ಟುಕೊಳ್ಳುತ್ತಿದ್ದರು. ಹೊರಗಿನ ಕೆಲಸ ಕಮ್ಮಿ ಮಾಡುತ್ತಿದ್ದರು. ಯಾರ ಮನೆಯಲ್ಲಿ ಒಲೆ ಉರಿದಿಲ್ಲ ಎಂದು ನೋಡಿಕೊಳ್ಳುತ್ತಿದ್ದರು. ವಿನ್ನಿಪೆಗ್‌ನ ಜನವರಿಯೂ ಹಾಗೆಯೇ. ದಿನಕ್ಕೆ ಹೊರಗಿನ ಕೆಲಸ ಒಂದೇ ಇಟ್ಟುಕೊಳ್ಳಿ. ಎರಡನೆಯದು ಬಂದರೆ ನಾಳೆಗೆ ಹಾಕಿ.

ಹೊರಡುವ ಆರು ತಿಂಗಳು ಮೊದಲು

ಕರೆದ ಸಭೆಯವರಿಂದ ಕೆಲವು ವಿಷಯ ಬರವಣಿಗೆಯಲ್ಲಿ ತರಿಸಿಕೊಳ್ಳಿ. ದೇವರ ಕೆಲಸ, ಇದನ್ನೆಲ್ಲ ಕೇಳುವುದು ಹೇಗೆ ಎಂದು ನಾವು ಸಂಕೋಚಪಟ್ಟಿದ್ದೆವು. ನಮ್ಮ ಸಭಾಪಾಲಕರಾದ ಅಯ್ಯನವರೇ "ಕೇಳಿ, ಕೇಳದಿದ್ದರೆ ನಾಳೆ ಅವರಿಗೂ ಕಷ್ಟ" ಎಂದರು. ಮನೆ ಎಷ್ಟನೇ ಮಾಳಿಗೆಯಲ್ಲಿ? ಲಿಫ್ಟ್ ಉಂಟಾ? ಮನೆ ಬಿಸಿ ಇಡುವ ಖರ್ಚು ಯಾರದ್ದು? ಬಸ್ ಸ್ಟಾಪಿಗೆ ಎಷ್ಟು ದೂರ? ರಾತ್ರಿ ಎದೆ ನೋವು ಬಂದರೆ ಆಂಬುಲೆನ್ಸ್ ಬಿಟ್ಟು ನಮ್ಮ ಜೊತೆ ಯಾರು ಬರುತ್ತಾರೆ? ವಾರದಲ್ಲಿ ರಜೆ ಯಾವ ದಿನ? ಈ ಪ್ರಶ್ನೆಗಳಿಗೆ ಉತ್ತರ ಬಂದ ಮೇಲೆ ಮಾತ್ರ ಟಿಕೆಟ್ ಮಾತಾಡಿ.

ವೀಸಾ ಯಾವ ಬಗೆಯದ್ದು ಬೇಕು ಎಂಬುದನ್ನೂ ಅವರೇ ಕಾಗದದಲ್ಲಿ ತಿಳಿಸಬೇಕು. ಪ್ರವಾಸಿ ಎಂದು ಹೇಳಿ ಹೋಗಿ ಸೇವೆ ಮಾಡುವ ದಾರಿ ಹಿಡಿಯಬೇಡಿ. ಸೇವೆಗೆ ಹೊರಟವರು ವಿಮಾನ ನಿಲ್ದಾಣದಲ್ಲೇ ಸುಳ್ಳಿನಿಂದ ಶುರು ಮಾಡಬಾರದು ಅಲ್ವಾ. ಬೆರಳಚ್ಚು ಕೊಡಲು ನಾವು ಬೆಂಗಳೂರಿಗೆ ಹೋಗಿದ್ದೆವು. ಪೊಲೀಸ್ ಕ್ಲಿಯರೆನ್ಸ್ ಕೇಳಿದರೆ ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ಅರ್ಜಿ ಹಾಕಬಹುದು.

ಆರೋಗ್ಯ ವಿಮೆಯಲ್ಲಿ ಬಿಪಿ, ಶುಗರ್, ಹಳೆಯ ಆಪರೇಷನ್ ಯಾವುದನ್ನೂ ಮುಚ್ಚಿಡಬೇಡಿ. ಮುಚ್ಚಿಟ್ಟದ್ದು ಅಲ್ಲಿ ಆಸ್ಪತ್ರೆ ಸೇರಿದ ದಿನ ಹೊರಗೆ ಬರುತ್ತದೆ. ಆಗ ಕಂಪನಿ ಹಣ ಕೊಡುವುದಿಲ್ಲ.

ಪಿಂಚಣಿ ಬರುವವರು ನವೆಂಬರಿನ ಜೀವಂತ ಪ್ರಮಾಣಪತ್ರವನ್ನು ಮರೆಯಬೇಡಿ. ಅದನ್ನು ಕೊಡುವ ಸಮಯದಲ್ಲೇ ನೀವು ಹಿಮದ ನಡುವೆ ಇರುತ್ತೀರಿ. ಹೊರದೇಶದಿಂದ ಹೇಗೆ ಕಳಿಸುವುದು ಎಂದು ನಿಮ್ಮ ಬ್ಯಾಂಕಿನ ಶಾಖೆಯಲ್ಲಿ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಇಲ್ಲಿನ ಸಿಮ್ ಬಂದ್ ಆಗದ ಹಾಗೆ ರೋಮಿಂಗ್ ಹಾಕಿಸಿ. ಓಟಿಪಿ ಬಾರದಿದ್ದರೆ ಮೆಸ್ಕಾಂನ ಕರೆಂಟ್ ಬಿಲ್ ಕಟ್ಟುವುದೂ ಕಷ್ಟ.

ಮನೆ? ಹಂಚಿನ ಮಾಡಿನ ಮನೆಯನ್ನು ಒಂದು ಮಳೆಗಾಲ ಮುಚ್ಚಿಟ್ಟರೆ ಏನಾಗುತ್ತದೆ ಎಂದು ನಿಮಗೇ ಗೊತ್ತು. ಬಟ್ಟೆ, ಪುಸ್ತಕಕ್ಕೆ ಬೂಸ್ಟು ಹಿಡಿಯುತ್ತದೆ, ಪಕ್ಕಾಸಿಗೆ ಗೆದ್ದಲು ಬರುತ್ತದೆ. ವಾರಕ್ಕೊಮ್ಮೆ ಕಿಟಕಿ ತೆರೆದು ಗಾಳಿ ಆಡಿಸುವ ಒಬ್ಬರನ್ನು ಗೊತ್ತು ಮಾಡಿ. ತೆಂಗಿನ ಮರದ ಒಣ ಮಡಲು, ಕಾಯಿ ಕೀಳಿಸಿಯೇ ಹೊರಡಿ.

ದೇಹವನ್ನು ತಯಾರು ಮಾಡುವುದು

ಹಲ್ಲಿನ ಕೆಲಸ ಇಲ್ಲೇ ಮುಗಿಸಿ. ಅಲ್ಲಿ ಅದು ತುಂಬಾ ದುಬಾರಿ. ಕಣ್ಣು ಪರೀಕ್ಷೆ ಮಾಡಿಸಿ ಎರಡು ಕನ್ನಡಕ ಇಟ್ಟುಕೊಳ್ಳಿ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ, ವಿಟಮಿನ್ ಡಿ ಬಗ್ಗೆ ನಿಮ್ಮ ಡಾಕ್ಟರ ಹತ್ತಿರ ಕೇಳಿ. ಚಳಿಯಲ್ಲಿ ರಕ್ತನಾಳ ಬಿಗಿಯುವುದರಿಂದ ಬಿಪಿ ಏರುತ್ತದೆ. ಹಾಗಾಗಿ ಬಿಪಿ ನೋಡುವ ಮೆಷಿನ್ ಒಂದು ಚೀಲದಲ್ಲಿರಲಿ. ಮಾತ್ರೆಗಳು ಅದರದ್ದೇ ಪ್ಯಾಕೆಟಿನಲ್ಲಿರಲಿ, ಡಬ್ಬಿಗೆ ಸುರಿಯಬೇಡಿ. ಡಾಕ್ಟರ ಚೀಟಿಯಲ್ಲಿ ಕಂಪನಿ ಹೆಸರಿನ ಜೊತೆ ಮದ್ದಿನ ಮೂಲ ಹೆಸರೂ ಇರಬೇಕು. ಕಂಪನಿ ಹೆಸರು ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಇನ್ನೊಂದು ತಯಾರಿ ಕಾಲಿನದ್ದು. ಹೊರಡುವ ಮೂರು ತಿಂಗಳು ಮೊದಲಿನಿಂದ ನಾವು ದಿನಾ ಸಂಜೆ ಕದ್ರಿ ಗುಡ್ಡೆ ಹತ್ತಿ ಇಳಿಯುತ್ತಿದ್ದೆವು. ಒಂದು ಕಾಲಿನಲ್ಲಿ ನಿಂತು ಇಪ್ಪತ್ತು ಎಣಿಸುವುದನ್ನು ಅಭ್ಯಾಸ ಮಾಡಿದೆವು, ಗೋಡೆ ಹಿಡಿಯಲು ಸಿಗುವ ಹಾಗೆ. ಮಂಜುಗಡ್ಡೆಯ ಮೇಲೆ ಬೀಳದೆ ಇರಲು ಬೇಕಾದದ್ದು ಈ ಹಿಡಿತ.

ಬಟ್ಟೆ: ಕಡೆಗೂ ಜಾಕೆಟಿನ ಮಾತು

ಜಾಕೆಟ್ ಅಲ್ಲಿಯೇ ತಗೊಳ್ಳಿ. ಇಲ್ಲಿ ಸಿಗುವ ದಪ್ಪ ಜಾಕೆಟ್ ಊಟಿಗೆ ಸಾಕು, ವಿನ್ನಿಪೆಗ್‌ಗೆ ಸಾಲದು. ಅಲ್ಲಿ ಜನವರಿಯ ರಾತ್ರಿ ಮೈನಸ್ 20ಕ್ಕೆ ಇಳಿಯುವುದು ಮಾಮೂಲು. ಕೆಲವು ದಿನ ಮೈನಸ್ 30 ದಾಟುತ್ತದೆ. ಹೊಸದಕ್ಕೆ ಹಣ ಸುರಿಯಬೇಕಾಗಿಲ್ಲ. ಸೆಕೆಂಡ್‌ಹ್ಯಾಂಡ್ ಬಟ್ಟೆಯ ಒಳ್ಳೆ ಅಂಗಡಿಗಳು ಆ ಊರಲ್ಲಿ ಬೇಕಾದಷ್ಟು ಉಂಟು. ಮೆನೊನೈಟ್ ಎಂಬ ಕ್ರೈಸ್ತ ಪಂಗಡದ ಸಭೆಗಳವರು ಇಂಥ ಮೊದಲ ಅಂಗಡಿಯನ್ನು 1972ರಲ್ಲಿ ಮ್ಯಾನಿಟೋಬಾದ ಆಲ್ಟೋನಾದಲ್ಲಿ ತೆರೆದರು. ಬಂದ ಲಾಭ ಕಷ್ಟದಲ್ಲಿರುವವರಿಗೆ ಹೋಗುತ್ತದೆ. ನಾನು ಹಾಕಿದ ಕೋಟು ಅಂಥದ್ದೇ ಅಂಗಡಿಯದ್ದು. ಎರಡು ಚಳಿಗಾಲ ತಡೆಯಿತು.

ಮಂಗಳೂರಿನಿಂದ ಒಯ್ಯಬೇಕಾದದ್ದು ಮೈಗೆ ಅಂಟಿಕೊಳ್ಳುವ ಥರ್ಮಲ್ ಒಳಬಟ್ಟೆ ಮೂರು ಜೊತೆ, ಮತ್ತು ವಿಮಾನ ಇಳಿದ ದಿನಕ್ಕೆ ಸಾಕಾಗುವಷ್ಟು ಸ್ವೆಟರ್, ಟೊಪ್ಪಿ. ಸಭೆಯವರಿಗೆ ಅಳತೆ ತಿಳಿಸಿ, ವಿಮಾನ ನಿಲ್ದಾಣಕ್ಕೇ ಕೋಟು, ಬೂಟು ತರಲು ಹೇಳಿ. ಸಾಧ್ಯವಿದ್ದರೆ ಸೆಪ್ಟೆಂಬರಿನಲ್ಲಿ ಹೋಗಿ. ನಾವು ಹಾಗೆ ಮಾಡಿದ್ದರಿಂದ ಚಳಿ ಸ್ವಲ್ಪ ಸ್ವಲ್ಪವೇ ಬಂತು, ದೇಹವೂ ಕಲಿಯಿತು.

ಹಾಕುವ ಕ್ರಮ ಮೂರು ಪದರ. ಮೈಗೆ ತಾಗುವ ಪದರ ಬೆವರನ್ನು ಹೊರಗೆ ಬಿಡಬೇಕು. ನಡುವಿನ ಉಣ್ಣೆ ಅಥವಾ ಫ್ಲೀಸ್ ಬಿಸಿ ಹಿಡಿದಿಡಬೇಕು. ಹೊರಗಿನದ್ದು ಗಾಳಿ ತಡೆಯಬೇಕು. ನಮಗೆ ಹತ್ತಿ ಬಟ್ಟೆ ಎಂದರೆ ಜೀವ. ಆದರೆ ಮೈಗೆ ತಾಗುವ ಪದರದಲ್ಲಿ ಹತ್ತಿ ಬೇಡ. ಬೆವರಿಗೆ ಒದ್ದೆಯಾದರೆ ಅದು ಒಣಗುವುದಿಲ್ಲ, ಮೈಯ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಬೆರಳು ಬೇರೆ ಬೇರೆ ಇರುವ ಕೈಗವಸಿಗಿಂತ ನಾಲ್ಕು ಬೆರಳು ಒಟ್ಟಿಗೆ ಇರುವ ಮಿಟನ್ ಬೆಚ್ಚಗೆ. ಬೂಟು ಅರ್ಧ ಸೈಜ್ ದೊಡ್ಡದಿರಲಿ. ಬಿಗಿ ಬೂಟಿನಲ್ಲಿ ರಕ್ತ ಓಡುವುದಿಲ್ಲ, ದಪ್ಪ ಕಾಲುಚೀಲ ಹಾಕಿಯೂ ಪ್ರಯೋಜನ ಇಲ್ಲ.

ಸೀರೆ ಬಿಡಬೇಕಾ ಎಂದು ಹೆಂಗಸರು ಕೇಳುತ್ತಾರೆ. ಬೇಡ. ನಾನು ಪ್ರತಿ ಆದಿತ್ಯವಾರ ಸೀರೆಯೇ ಉಟ್ಟೆ. ಒಳಗೆ ಥರ್ಮಲ್ ಪ್ಯಾಂಟು, ಮೇಲೆ ಉದ್ದ ಕೈಯ ಉಣ್ಣೆ ರವಿಕೆ. ಸೀರೆಯನ್ನು ನಾಲ್ಕು ಬೆರಳು ಎತ್ತರಕ್ಕೆ ಉಟ್ಟು, ಮೊಣಕಾಲು ಕೆಳಗೆ ಬರುವ ಕೋಟು ಹಾಕಿ, ಬೂಟಿನಲ್ಲಿ ಹೋಗಿ ಚರ್ಚಿನ ಬಾಗಿಲಲ್ಲಿ ಚಪ್ಪಲಿಗೆ ಬದಲಾಯಿಸುತ್ತಿದ್ದೆ. ಅಲ್ಲಿ ಎಲ್ಲರೂ ಬಾಗಿಲಲ್ಲೇ ಬೂಟು ಬಿಡುತ್ತಾರೆ. ಈ ಒಂದು ವಿಷಯದಲ್ಲಿ ನಮ್ಮ ಮನೆಗೆ ಹೋದ ಹಾಗೆಯೇ ಅನಿಸಿತು.

ಮನೆಯೊಳಗಿನ ಮೊದಲ ವಾರ

ನಮ್ಮ ಮನೆ ಎಂದರೆ ಗಾಳಿ ಆಡಬೇಕು. ಹಂಚಿನ ಸಂದಿನಿಂದ, ಕಿಟಕಿಯಿಂದ, ಜಗಲಿಯಿಂದ ಗಾಳಿ ಬರುತ್ತಲೇ ಇರಬೇಕು. ಅಲ್ಲಿನ ಮನೆ ಇದರ ತಿರುಗು ಮುರುಗು. ಕಿಟಕಿಗೆ ಎರಡು ಮೂರು ಪದರ ಗಾಜು, ಬಾಗಿಲಿಗೆ ರಬ್ಬರ್ ಪಟ್ಟಿ. ಸ್ವಲ್ಪ ಗಾಳಿಗೆ ಎಂದು ಕಿಟಕಿ ತೆರೆದಿಟ್ಟು ಮರೆತರೆ ಗೋಡೆಯೊಳಗಿನ ನೀರಿನ ಪೈಪ್ ಹೆಪ್ಪುಗಟ್ಟಿ ಒಡೆಯಬಹುದು. ಮೊದಲ ದಿನವೇ ಮೂರು ವಿಷಯ ಕೇಳಿ ತಿಳಿದುಕೊಳ್ಳಿ: ಬಿಸಿ ಹೆಚ್ಚು ಕಮ್ಮಿ ಮಾಡುವ ಥರ್ಮೊಸ್ಟ್ಯಾಟ್ ಎಲ್ಲಿ, ನೀರು ಬಂದ್ ಮಾಡುವ ವಾಲ್ವ್ ಎಲ್ಲಿ, ಹೊಗೆ ಮತ್ತು ಕಾರ್ಬನ್ ಮೊನಾಕ್ಸೈಡ್ ಅಲಾರಂ ಎಲ್ಲಿ. ಈ ಅನಿಲಕ್ಕೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಅಲಾರಂ ಬಡಿದರೆ ಕೋಟು ಎಳೆದುಕೊಂಡು ಕೂಡಲೇ ಹೊರಗೆ ನಡೆಯಿರಿ, ಆಮೇಲೆ ಅಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಿ. ಒಳಗೆ ಕೆಂಡ ಮಾಡಿ ಮೈ ಕಾಯಿಸುವುದು, ಧೂಪ ಹಾಕುವುದು ಯಾವುದೂ ಬೇಡ.

ಮನೆಯನ್ನು 20ರಿಂದ 21 ಡಿಗ್ರಿಯಲ್ಲಿ ಇಡಿ. ಬಿಲ್ ಉಳಿಸಲು 16ಕ್ಕೆ ಇಳಿಸಬೇಡಿ. ವಯಸ್ಸಾದವರ ಮೈ ಮನೆಯೊಳಗೂ ತಣ್ಣಗಾಗಬಹುದು, ಗೊತ್ತೇ ಆಗುವುದಿಲ್ಲ.

ಒಳಗಿನ ಗಾಳಿ ತುಂಬಾ ಒಣ. ಮಂಗಳೂರಿನ ತೇವದಲ್ಲಿ ಬೆಳೆದ ಚರ್ಮಕ್ಕೆ ಇದು ದೊಡ್ಡ ಪೆಟ್ಟು. ಎರಡನೇ ವಾರಕ್ಕೆ ನನ್ನ ಹಿಮ್ಮಡಿ ಒಡೆಯಿತು, ನಮ್ಮವರಿಗೆ ಮೂಗಿನಿಂದ ರಕ್ತ ಬಂತು. ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಒಂದು ತಗೊಳ್ಳಿ. ಸ್ನಾನಕ್ಕೆ ಕುದಿ ನೀರು ಬೇಡ, ಉಗುರು ಬೆಚ್ಚಗಿನ ನೀರು ಸಾಕು. ಮೈ ಪೂರ್ತಿ ಒಣಗುವ ಮೊದಲೇ ಎಣ್ಣೆ ಹಚ್ಚಿ. ತೆಂಗಿನೆಣ್ಣೆಯನ್ನು ಸಪೂರ ಬಾಯಿಯ ಬಾಟಲಿಯಲ್ಲಿ ಒಯ್ಯಬೇಡಿ. ನಮ್ಮಲ್ಲಿ ವರ್ಷದಲ್ಲಿ ಕೆಲವೇ ಬೆಳಿಗ್ಗೆ ಅದು ಗಟ್ಟಿಯಾಗುವುದು. 24 ಡಿಗ್ರಿಯ ಕೆಳಗೆ ಹೋದರೆ ಅದು ಹೆಪ್ಪುಗಟ್ಟುವುದರಿಂದ ಅಲ್ಲಿ ಇಡೀ ಚಳಿಗಾಲ ಬೆಣ್ಣೆಯ ಹಾಗೆ ಇರುತ್ತದೆ. ಅಗಲ ಬಾಯಿಯ ಡಬ್ಬಿಯಲ್ಲಿದ್ದರೆ ಚಮಚದಲ್ಲಿ ತೆಗೆಯಬಹುದು. ಬಾಯಾರಿಕೆ ಆಗುವುದಿಲ್ಲ ಎಂದು ನೀರು ಬಿಡಬೇಡಿ. ಗಂಟೆ ನೋಡಿ ಕುಡಿಯಿರಿ.

ಹೊರಗೆ ಕಾಲಿಡುವಾಗ

ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಮಗೆ ನೋವಾದದ್ದು ಇಲ್ಲಿಯೇ.

ಮೊದಲ ವರ್ಷದ ನವೆಂಬರಿನ ಒಂದು ಬೆಳಿಗ್ಗೆ. ನಮ್ಮವರು ಕಸದ ಚೀಲ ಹಿಡಿದು ಹಿಂದಿನ ಬಾಗಿಲಿನಿಂದ ಹೊರಗೆ ಹೋದರು. ಇಪ್ಪತ್ತು ಹೆಜ್ಜೆ ದೂರ, ಅಷ್ಟೇ. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈ ಕಿಸೆಯಲ್ಲಿ. ನೆಲ ಬರೀ ಒದ್ದೆಯಾದ ಹಾಗೆ ಕಾಣುತ್ತಿತ್ತು. ಅದು ನೀರಲ್ಲ, ಗಾಜಿನ ಹಾಗೆ ತೆಳ್ಳಗೆ ಹೆಪ್ಪುಗಟ್ಟಿದ ಮಂಜುಗಡ್ಡೆ. ಕಾಲು ಜಾರಿತು. ಕಿಸೆಯಿಂದ ಕೈ ತೆಗೆಯುವಷ್ಟರಲ್ಲಿ ಮೈಯ ಭಾರವೆಲ್ಲ ಮಣಿಕಟ್ಟಿನ ಮೇಲೆ ಬಿತ್ತು. ನಾನು ಅಡಿಗೆ ಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಒಂದು ಸದ್ದೂ ಕೇಳಲಿಲ್ಲ, ಗಾಜು ಅಷ್ಟು ದಪ್ಪ. ಆರು ವಾರ ಪ್ಲಾಸ್ಟರ್ ಹಾಕಿದರು. ಆ ಆರು ವಾರ ಅವರ ಅಂಗಿಯ ಗುಂಡಿ ನಾನೇ ಹಾಕಿದೆ.

ನಡೆಯುವ ಕ್ರಮ ನಮಗೆ ಹೊಸದೇನಲ್ಲ. ಜುಲೈಯಲ್ಲಿ ಪಾಚಿ ಹಿಡಿದ ಅಂಗಳ ದಾಟಿ ಬಾವಿಕಟ್ಟೆಗೆ ಹೇಗೆ ಹೋಗುತ್ತೀರಿ? ಪುಟ್ಟ ಹೆಜ್ಜೆ, ಪಾದ ಪೂರ್ತಿ ನೆಲಕ್ಕೆ, ಮೊಣಕಾಲು ಸ್ವಲ್ಪ ಮಡಚಿ, ಮೈ ಸ್ವಲ್ಪ ಮುಂದಕ್ಕೆ, ಎರಡೂ ಕೈ ಖಾಲಿ. ಅದೇ ನಡಿಗೆ. ಸಾಮಾನು ಬೆನ್ನಿನ ಚೀಲದಲ್ಲಿರಲಿ. ಕೈ ಮಿಟನ್ನಿನಲ್ಲಿರಲಿ, ಕಿಸೆಯಲ್ಲಿ ಬೇಡ. ಬೂಟಿನ ಅಡಿಗೆ ಸಿಕ್ಕಿಸುವ ಮುಳ್ಳಿನ ಪಟ್ಟಿ ಸಿಗುತ್ತದೆ, ತಗೊಳ್ಳಿ. ಆದರೆ ಅಂಗಡಿಯ ಟೈಲ್ಸ್ ನೆಲಕ್ಕೆ ಕಾಲಿಡುವ ಮೊದಲು ಅದನ್ನು ಬಿಚ್ಚಲೇಬೇಕು. ಟೈಲ್ಸ್ ಮೇಲೆ ಆ ಮುಳ್ಳೇ ಜಾರಿಸುತ್ತದೆ.

ಬಾಗಿಲು ದಾಟುವ ಮೊದಲು ಹವಾಮಾನ ನೋಡಿ. ಉಷ್ಣಾಂಶಕ್ಕಿಂತ ವಿಂಡ್‌ಚಿಲ್ ಅಂಕಿ ಮುಖ್ಯ, ಅದು ಗಾಳಿ ಸೇರಿದ ಚಳಿ. ಅದು ಮೈನಸ್ 28ಕ್ಕೆ ಬಂದರೆ ಮುಚ್ಚದ ಚರ್ಮ 10ರಿಂದ 30 ನಿಮಿಷದೊಳಗೆ ಹೆಪ್ಪುಗಟ್ಟಬಹುದು. ಮೈನಸ್ 40 ದಾಟಿದರೆ 5ರಿಂದ 10 ನಿಮಿಷ ಸಾಕು. ನಮ್ಮ ಲೆಕ್ಕ ಸುಲಭದ್ದು: ಮೈನಸ್ 28ರ ತನಕ ಬಸ್ಸಿನಲ್ಲಿ ಹೋಗುತ್ತಿದ್ದೆವು. ಅದರ ಕೆಳಗೆ ಇಳಿದರೆ ಯಾರಾದರೂ ಕಾರು ತಂದರೆ ಮಾತ್ರ. ಮೈನಸ್ 40ಕ್ಕೆ ಫೋನಿನಲ್ಲೇ ಸೇವೆ.

ಕಿವಿ, ಮೂಗು, ಬೆರಳ ತುದಿ ಬಿಳಿಚಿಕೊಂಡು ಜೋಮು ಹಿಡಿದರೆ ಕೂಡಲೇ ಒಳಗೆ ಬನ್ನಿ. ಉಜ್ಜಬೇಡಿ. ಬೆಂಕಿಗೆ ಹಿಡಿಯಬೇಡಿ. ಉಗುರು ಬೆಚ್ಚಗಿನ ನೀರಿನಲ್ಲಿ ಇಡಿ. ಬಣ್ಣ ಮರಳದಿದ್ದರೆ, ಗುಳ್ಳೆ ಎದ್ದರೆ ಆಸ್ಪತ್ರೆಗೆ ಹೋಗಿ. ಜೊತೆಗಿರುವವರು ನಡುಗುತ್ತಾ ನಡುಗುತ್ತಾ ಮಾತು ತೊದಲಿದರೆ, ಏನೇನೋ ಮಾತಾಡಿದರೆ ಅದು ಮೈ ತಣ್ಣಗಾದ ಲಕ್ಷಣ. ಆಗ ಕಾಯಬೇಡಿ, ಆಂಬುಲೆನ್ಸ್ ಕರೆಯಿರಿ.

ಹಿಮ ಎತ್ತಿ ಹಾಕುವ ಕೆಲಸಕ್ಕೆ ಹೋಗಬೇಡಿ. ಹಗುರ ಕಾಣುತ್ತದೆ, ಆದರೆ ಚಳಿಯಲ್ಲಿ ಭಾರ ಎತ್ತಿದರೆ ಹೃದಯಕ್ಕೆ ಎರಡು ಕಡೆಯಿಂದ ಹೊರೆ. ಕಾರು ಓಡಿಸುವ ಬಗ್ಗೆಯೂ ನನ್ನ ಅಭಿಪ್ರಾಯ ಇದೇ. ಅಲ್ಲಿ ರಸ್ತೆಯ ಬಲಕ್ಕೆ ಓಡಿಸಬೇಕು. ರಾತ್ರಿ ಇಂಜಿನ್ ಹೆಪ್ಪುಗಟ್ಟದ ಹಾಗೆ ಕಾರಿನ ವಯರನ್ನು ಪ್ಲಗ್ಗಿಗೆ ಸಿಕ್ಕಿಸಬೇಕು. ಅರುವತ್ತು ದಾಟಿದ ಮೇಲೆ ಇದನ್ನು ಹಿಮದಲ್ಲೇ ಶುರುವಿನಿಂದ ಕಲಿಯುವುದು ಬೇಡ.

ಅಡಿಗೆ ಮನೆ

ಸಾಂಬಾರ್ ಪುಡಿ, ಒಣ ಪುನರ್ಪುಳಿ, ಹಪ್ಪಳ, ಕೋರಿ ರೊಟ್ಟಿಯ ಪ್ಯಾಕೆಟ್ ಒಯ್ಯಿರಿ. ರೊಟ್ಟಿ ಪುಡಿಯಾದರೂ ರುಚಿ ಹೋಗುವುದಿಲ್ಲ. ವಿಮಾನ ಇಳಿದಾಗ ತಿನ್ನುವ ವಸ್ತು ಏನೇನು ತಂದಿದ್ದೀರಿ ಎಂದು ಪೂರ್ತಿ ಬರೆದು ಕೊಡಿ. ಕುಚ್ಚಲಕ್ಕಿ ಹೊತ್ತುಕೊಂಡು ಹೋಗಬೇಡಿ. ಅಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಕೇರಳದ ಕೆಂಪಕ್ಕಿ ಸಿಗುತ್ತದೆ, ಗಂಜಿಗೆ ಅದು ಸಾಕು.

ದೋಸೆ ಹಿಟ್ಟು ಹುಳಿ ಬರುವುದಿಲ್ಲ ಎಂದು ಮೊದಲ ತಿಂಗಳು ಬೇಸರವಾಗಿತ್ತು. ಓವನ್ನಿನೊಳಗೆ ಹಿಟ್ಟಿನ ಪಾತ್ರೆ ಇಟ್ಟು ಒಳಗಿನ ದೀಪ ಮಾತ್ರ ಹಾಕಿ ಬಾಗಿಲು ಮುಚ್ಚಿ. ಹನ್ನೆರಡು ಗಂಟೆಯಲ್ಲಿ ಉಬ್ಬುತ್ತದೆ. ಓವನ್ ಬಾಗಿಲಿಗೆ ಒಂದು ಚೀಟಿ ಅಂಟಿಸಿ, ಯಾರೂ ಗೊತ್ತಿಲ್ಲದೆ ಬಿಸಿ ಮಾಡದ ಹಾಗೆ. ಒಗ್ಗರಣೆಗೆ ಒಣಮೆಣಸು ಹಾಕುವ ಮೊದಲು ಒಲೆಯ ಮೇಲಿನ ಫ್ಯಾನ್ ಹಾಕಿ. ಇಲ್ಲದಿದ್ದರೆ ಹೊಗೆ ಅಲಾರಂ ಬಡಿದು ಕಟ್ಟಡದವರೆಲ್ಲ ಚಳಿಯಲ್ಲಿ ಹೊರಗೆ ನಿಲ್ಲಬೇಕಾಗಬಹುದು.

ಸೇವೆ ಎಂದರೆ ದಿನಾ ಏನು

ನಮ್ಮ ವಾರ ಹೀಗಿತ್ತು. ಸೋಮವಾರ ಬಿಟ್ಟು ಪ್ರತಿ ಬೆಳಿಗ್ಗೆ ಫೋನು. ಮಂಗಳವಾರ ಕೋಟಿನ ಕೋಣೆ. ಗುರುವಾರ ಸೂಪು. ಶುಕ್ರವಾರ ವೃದ್ಧಾಶ್ರಮ. ಸೋಮವಾರ ಪೂರ್ತಿ ರಜೆ, ಆ ದಿನ ಸಭೆಯವರ ಫೋನನ್ನೂ ಎತ್ತುತ್ತಿರಲಿಲ್ಲ.

ಫೋನಿನ ಕೆಲಸ ಸಣ್ಣದು ಎಂದು ತಿಳಿಯಬೇಡಿ. ಒಂಟಿಯಾಗಿರುವ ಹನ್ನೊಂದು ಮಂದಿಗೆ ನಾವು ದಿನಾ ಬೆಳಿಗ್ಗೆ 9.30ಕ್ಕೆ ಶುರು ಮಾಡಿ ಫೋನ್ ಮಾಡುತ್ತಿದ್ದೆವು. "ಹೇಗಿದ್ದೀರಿ" ಎಂದು ಕೇಳಿದರೆ ಎಲ್ಲರೂ "ಚೆನ್ನಾಗಿದ್ದೇನೆ" ಎನ್ನುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. "ನಿನ್ನೆ ರಾತ್ರಿ ಏನು ತಿಂದಿರಿ?" "ಗೋಡೆಯ ಮೇಲಿನ ಡಬ್ಬಿಯಲ್ಲಿ ಈಗ ಎಷ್ಟು ಡಿಗ್ರಿ ತೋರಿಸುತ್ತದೆ?" ಎಂದು ಕೇಳಿ. ಫೆಬ್ರವರಿಯ ಒಂದು ದಿನ ಹೀಗೆ ಕೇಳಿದಾಗ ಒಬ್ಬ ಅಜ್ಜಿ ಎದ್ದು ಹೋಗಿ ನೋಡಿ ಬಂದು "ಹದಿಮೂರು" ಎಂದರು. ಎರಡು ದಿನದಿಂದ ಬಿಸಿಗಾಳಿಯ ಮೆಷಿನ್ ನಿಂತಿತ್ತು. ವಯಸ್ಸಾಯಿತು, ಅದಕ್ಕೇ ಇಷ್ಟು ಚಳಿ ಎಂದು ಅವರು ಮೂರು ಕಂಬಳಿ ಹೊದ್ದು ಸುಮ್ನೆ ಕೂತಿದ್ದರು. ಅರ್ಧ ಗಂಟೆಯಲ್ಲಿ ಸಭೆಯ ಹುಡುಗರು ಹೋಗಿ ಅವರನ್ನು ಕರೆತಂದರು. ನಮ್ಮ ಅಡಿಗೆ ಮನೆಯಲ್ಲಿ ಕೂತು ಬಿಸಿ ಗಂಜಿ ತೆಳಿಗೆ ಉಪ್ಪು ಹಾಕಿ ಕುಡಿದರು. ಎರಡು ಕೈಯಲ್ಲೂ ಲೋಟ ಹಿಡಿದುಕೊಂಡಿದ್ದರು, ಖಾಲಿಯಾದ ಮೇಲೂ ಕೆಳಗಿಡಲಿಲ್ಲ.

ಎರಡು ಸಲ ಫೋನ್ ಎತ್ತದಿದ್ದರೆ ಯಾರಿಗೆ ಹೇಳಬೇಕು ಎಂಬುದು ಪ್ರತಿ ಹೆಸರಿನ ಮುಂದೆ ಬರೆದಿರಲಿ: ಕಟ್ಟಡ ನೋಡಿಕೊಳ್ಳುವವರು, ಪಕ್ಕದ ಮನೆ, ಮಗಳು.

ಕೋಟಿನ ಕೋಣೆಗೆ ಬರುವವರಲ್ಲಿ ಹೊಸದಾಗಿ ಬಂದ ಕುಟುಂಬಗಳು, ವಿದ್ಯಾರ್ಥಿಗಳು ಜಾಸ್ತಿ. ಕೊಡುವ ಕ್ರಮವನ್ನು ನಾವು ನೋಡಿ ನೋಡಿ ಕಲಿತೆವು. ಕೂತುಕೊಳ್ಳಲು ಕುರ್ಚಿ, ಕನ್ನಡಿ ಇರಲಿ. ಕೋಟು ರಾಶಿ ಹಾಕಬೇಡಿ, ಅಂಗಡಿಯ ಹಾಗೆ ನೇತು ಹಾಕಿ. ಸ್ವೆಟರ್ ಹಾಕಿಕೊಂಡೇ ಕೋಟು ಹಾಕಿ ನೋಡಲು ಹೇಳಿ. ಕೈ ಮೇಲೆತ್ತಿದಾಗ ಮಣಿಕಟ್ಟು ಕಾಣಬಾರದು. ಮಿಟನ್ ಹಾಕಿದ ಕೈಯಲ್ಲೇ ಜಿಪ್ ಎಳೆಯಲು ಆಗಬೇಕು. ಆಯ್ಕೆ ಮಾಡುವಾಗ ಹತ್ತಿರ ನಿಂತು ನೋಡಬೇಡಿ, ಆ ಕಡೆ ಹೋಗಿ ಬೇರೆ ಏನಾದರೂ ಮಡಚುತ್ತಿರಿ.

ಒಂದು ಜನವರಿ ಬೆಳಿಗ್ಗೆ ಕುಂದಾಪುರ ಕಡೆಯ ಹುಡುಗ ಒಬ್ಬ ಬಂದ. ಊರಿಂದ ಬಂದು ನಾಲ್ಕೇ ದಿನ. ತೆಳ್ಳಗಿನ ಸ್ವೆಟರ್, ಕ್ಯಾನ್ವಾಸ್ ಶೂ. ತಲೆಯ ಕೂದಲು ಕಡ್ಡಿ ಕಡ್ಡಿಯಾಗಿ ನಿಂತಿತ್ತು. "ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ಬಂದೆ ಆಂಟಿ" ಎಂದ. ಒದ್ದೆ ಕೂದಲು ಬಸ್ ಸ್ಟಾಪಿನಲ್ಲೇ ಹೆಪ್ಪುಗಟ್ಟಿತ್ತು. ಟವಲಿನಲ್ಲಿ ಒತ್ತಿದರೆ ಮಂಜಿನ ಚೂರು ಉದುರಿತು. ನಾನು ಕನ್ನಡದಲ್ಲಿ ಮಾತಾಡಿದ ಕೂಡಲೇ ಅವನ ಕಣ್ಣು ತುಂಬಿತು. ಅವನಿಗೆ ಕೋಟು, ಬೂಟು, ಟೊಪ್ಪಿ ಎಲ್ಲ ಸಿಕ್ಕಿತು. ನಿಮ್ಮ ಸ್ನಾನವನ್ನೂ ರಾತ್ರಿಗೆ ಹಾಕಿಕೊಳ್ಳಿ.

ಇಬ್ಬರೇ ಇರುವುದು

ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಮಂಗಳೂರಿನಲ್ಲಿ ನಮ್ಮವರು ಬೆಳಿಗ್ಗೆ ಮೀನಿಗೆ ಹೋಗುತ್ತಾರೆ, ಸಂಜೆ ಗೆಳೆಯರ ಹತ್ತಿರ ಹೋಗುತ್ತಾರೆ. ನನಗೆ ಅಕ್ಕಪಕ್ಕದವರು, ಮಹಿಳಾ ಸಂಘ ಎಲ್ಲ ಉಂಟು. ಅಲ್ಲಿ ಎರಡು ಕೋಣೆಯಲ್ಲಿ ನಾವಿಬ್ಬರೇ. ಡಿಸೆಂಬರಿನಲ್ಲಿ ಬೆಳಿಗ್ಗೆ 8.20 ದಾಟಿದ ಮೇಲೆ ಸೂರ್ಯ ಬರುತ್ತದೆ, ಸಂಜೆ 4.30ಕ್ಕೆ ಮುಳುಗುತ್ತದೆ. ಹಿಮ ಬಿದ್ದ ಮೇಲೆ ಸದ್ದೇ ಇಲ್ಲ. ಕಾಗೆ ಇಲ್ಲ, ಮೀನಿನವರ ಹಾರ್ನ್ ಇಲ್ಲ. ಮೊದಲ ಡಿಸೆಂಬರಿನಲ್ಲಿ ನಾವು ಸಣ್ಣ ಸಣ್ಣ ವಿಷಯಕ್ಕೆ ಸಿಡುಕುತ್ತಿದ್ದೆವು. ಟೀ ತಣ್ಣಗಾಯಿತು, ಫ್ಯಾನ್ ಯಾಕೆ ಆರಿಸಿದ್ದು, ಇಂಥದ್ದಕ್ಕೆ.

ಒಂದು ರಾತ್ರಿ ಇವರೇ ಹೇಳಿದರು, "ಮಾರಾಯ್ತಿ, ನಾವು ಸುಸ್ತಾಗಿದ್ದೇವೆ, ಅಷ್ಟೇ." ಮರುದಿನದಿಂದ ಮೂರು ಕ್ರಮ ಇಟ್ಟುಕೊಂಡೆವು. ಮಧ್ಯಾಹ್ನ ಬೆಳಕಿರುವಾಗ ಇಪ್ಪತ್ತು ನಿಮಿಷ ಹೊರಗೆ ನಡೆಯುವುದು, ತೀರಾ ಚಳಿ ಇದ್ದರೆ ಮಾಲ್‌ನೊಳಗೆ. ಸಂಜೆ ಒಂದು ಗಂಟೆ ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ. ರಾತ್ರಿ ಊಟಕ್ಕೆ ಫೋನ್ ಇಲ್ಲದೆ ತುಳುವಿನಲ್ಲಿ ಮಾತು, ಆಮೇಲೆ ಪ್ರಾರ್ಥನೆ. ಎರಡು ವಾರ ಕಳೆದರೂ ಮನಸ್ಸು ಏಳದಿದ್ದರೆ, ನಿದ್ದೆ ಊಟ ಬಿಟ್ಟುಹೋದರೆ, ಸಭಾಪಾಲಕರಿಗೆ ಮತ್ತು ಡಾಕ್ಟರಿಗೆ ಹೇಳಿ. ನಂಬಿಕೆ ಕಮ್ಮಿ ಎಂದು ಯಾರೂ ಅಂದುಕೊಳ್ಳುವುದಿಲ್ಲ. ಬೆಳಕು ಕಮ್ಮಿಯಾದರೆ ಅಲ್ಲೇ ಹುಟ್ಟಿದವರಿಗೂ ಹೀಗಾಗುತ್ತದೆ.

ಊರಿಗೆ ಮಾತಾಡಲು ಹೊತ್ತು ಗೊತ್ತು ಮಾಡಿ. ಚಳಿಗಾಲದಲ್ಲಿ ವಿನ್ನಿಪೆಗ್ ನಮಗಿಂತ ಹನ್ನೊಂದೂವರೆ ಗಂಟೆ ಹಿಂದೆ. ಇಲ್ಲಿ ಬೆಳಿಗ್ಗೆ 7 ಆದರೆ ಅಲ್ಲಿ ಹಿಂದಿನ ದಿನದ ಸಂಜೆ 7.30. ಬೇಸಿಗೆಯಲ್ಲಿ ಅಲ್ಲಿ ಗಡಿಯಾರ ಮುಂದೆ ಮಾಡುವುದರಿಂದ ಒಂದು ಗಂಟೆ ಕಮ್ಮಿಯಾಗುತ್ತದೆ.

ಇನ್ನೊಂದು ಕಷ್ಟದ ಮಾತು. ಹೊರಡುವ ಮೊದಲೇ ಇಬ್ಬರೂ ಕೂತು, ಮಕ್ಕಳನ್ನೂ ಕೂರಿಸಿ, ಊರಲ್ಲಿ ಯಾರಾದರೂ ತೀರಿಕೊಂಡರೆ ಬರುವುದಾ ಇಲ್ಲವಾ ಎಂದು ಮಾತಾಡಿಕೊಳ್ಳಿ. ಎರಡನೇ ಚಳಿಗಾಲದಲ್ಲಿ ನನ್ನ ದೊಡ್ಡಣ್ಣ ಹೋದರು. ಹೊರಗೆ ಹಿಮಗಾಳಿ, ವಿಮಾನಗಳು ನಿಂತಿದ್ದವು. ಮಧ್ಯರಾತ್ರಿ ಅಡಿಗೆ ಮನೆಯ ಮೇಜಿನ ಮೇಲೆ ಫೋನ್ ಒರಗಿಸಿ ಇಟ್ಟು ಅಂತ್ಯಕ್ರಿಯೆ ನೋಡಿದೆ. ಇಲ್ಲಿ ಹಾಡಿದ ಕೀರ್ತನೆಯನ್ನು ನಾವಿಬ್ಬರೂ ಅಲ್ಲಿ ಹಾಡಿದೆವು. ಬರಲಾಗದಿದ್ದರೆ ಯಾರು ನಮ್ಮ ಪರವಾಗಿ ಮಣ್ಣು ಹಾಕುತ್ತಾರೆ ಎಂದು ಮೊದಲೇ ಹೇಳಿಟ್ಟಿದ್ದೆವು. ಅಕ್ಕನ ಮಗ ಎರಡು ಹಿಡಿ ಹೆಚ್ಚು ಹಾಕಿದ. ಮರುದಿನ ಬೆಳಿಗ್ಗೆ ನಾನು ಫೋನ್ ಮಾಡಬೇಕಾದ ಹನ್ನೊಂದು ಮಂದಿಯೇ, ಒಬ್ಬರಾದ ಮೇಲೆ ಒಬ್ಬರು, ನನಗೆ ಫೋನ್ ಮಾಡಿದರು.

ಮರಳಿ ಬರುವಾಗ

ಏಪ್ರಿಲ್, ಮೇಯಲ್ಲಿ ಬಂದು ಇಳಿಯಬೇಡಿ. ಶೂನ್ಯಕ್ಕಿಂತ ಕೆಳಗಿನ ಚಳಿಯಿಂದ ಬಂದ ಮೈ ನಮ್ಮ ಸೆಕೆಗೆ ತತ್ತರಿಸುತ್ತದೆ. ನಾವು ಮಾರ್ಚ್ ಕೊನೆಗೆ ಬಂದು ಮೂರು ವಾರ ಪೂರ್ತಿ ಸುಸ್ತಾಗಿದ್ದೆವು. ಆಯ್ಕೆ ನಿಮ್ಮದಾದರೆ ಮಳೆ ಹಿಡಿದ ಮೇಲೆ ಬನ್ನಿ. ಬಿಪಿ ಮಾತ್ರೆಯ ಪ್ರಮಾಣವನ್ನು ಮೊದಲ ವಾರವೇ ಡಾಕ್ಟರಿಗೆ ತೋರಿಸಿ. ಚಳಿಯಲ್ಲಿ ಹೆಚ್ಚಿಸಿದ್ದು ಇಲ್ಲಿ ಜಾಸ್ತಿಯಾಗಬಹುದು.

ಕೋಟು, ಬೂಟು ತರಬೇಡಿ. ಬೂಟಿನೊಳಗೆ ಹಳೆ ಪೇಪರ್ ತುಂಬಿಸಿ ಒಣಗಿಸಿ, ಕೋಟು ಒಗೆದು ಕೋಟಿನ ಕೋಣೆಯಲ್ಲೇ ನೇತು ಹಾಕಿ ಬನ್ನಿ. ಮುಂದೆ ಬರುವ ಜೋಡಿಗೆ ಒಂದು ನೋಟ್‌ಬುಕ್ ಬರೆದಿಡಿ. ಯಾರಿಗೆ ಯಾವ ಕಿವಿ ಕೇಳಿಸುವುದಿಲ್ಲ, ಯಾರು ಹತ್ತು ಸಲ ರಿಂಗ್ ಆದ ಮೇಲೆ ಫೋನ್ ಎತ್ತುತ್ತಾರೆ, ಯಾರ ಮನೆಯ ಮೆಟ್ಟಿಲಲ್ಲಿ ಮೂರನೆಯದು ಸಡಿಲ, ಗುರುವಾರದ ಸೂಪಿಗೆ ಉಪ್ಪು ಎಷ್ಟು ಕಮ್ಮಿ ಹಾಕಬೇಕು, ಎಲ್ಲ.